ಬೀಸುಕಲ್ಲಿನ ಹಾಡು ಮತ್ತು ಕವಿ ಮಧುರಚೆನ್ನರು

ನಮ್ಮ ನಿಡೋಣಿಯ ಸೀಮೆಯಲ್ಲಿ ಒಂದು ಕಾಲಕ್ಕೆ ಬೆಳಗಾಗುತ್ತಿದ್ದುದು ಬೀಸುಕಲ್ಲಿನ ಸಪ್ಪಳದಿಂದ. ಜೋಳವು ಹಿಟ್ಟಾಗುವಷ್ಟರಲ್ಲಿ ತಾಯಂದಿರು ತವರಿನ ಹಂಬಲ, ಅಣ್ಣತಮ್ಮಂದಿರ ಮೇಲಣ ಅಕ್ಕರೆ, ಬಂಜೆಯ ದುಃಖ, ಕೂಸಿನ ಅಳು ಎಲ್ಲವನ್ನೂ ಹಾಡಿಕೊಳ್ಳುತ್ತಿದ್ದರು. ಅಕ್ಷರ ಕಲಿತ ನಮ್ಮಲ್ಲಿ ಅನೇಕರು ಆ ಹಾಡುಗಳನ್ನು ಹಳ್ಳಿಯವೆಂದು ಮರೆಮಾಡಿದ್ದುಂಟು. ಅವುಗಳಿಂದಲೇ ಬೆಳೆದ ಕವಿಯೊಬ್ಬರು ನಮ್ಮ ಜಿಲ್ಲೆಯವರೇ ಎಂಬುದನ್ನು ವಾಚಕರು ನೆನೆಯಬೇಕು.

ಮಧುರಚೆನ್ನರ ನಿಜವಾದ ಹೆಸರು ಚೆನ್ನಮಲ್ಲಪ್ಪ ಗಲಗಲಿ. ಭೀಮಾ ನದಿಯ ಕಡೆಯ ಹಲಸಂಗಿಯಲ್ಲಿ ಇವರು, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಮೊದಲಾದ ಗೆಳೆಯರು ಕೂಡಿ ಹೆಂಗಸರ ಹಾಡುಗಳನ್ನು ಸಂಗ್ರಹಿಸಿದರು. 1931ರಲ್ಲಿ ಅವು ‘ಗರತಿಯ ಹಾಡು’ ಎಂಬ ಪುಸ್ತಕವಾಗಿ ಹೊರಬಂದವು. ಬಿ. ಎಂ. ಶ್ರೀಕಂಠಯ್ಯನವರೂ ಬೇಂದ್ರೆಯವರೂ ಅದಕ್ಕೆ ಮುನ್ನುಡಿಗಳನ್ನು ಬರೆದರು. ಪಂಡಿತರ ಲಕ್ಷ್ಯವು ಅಡಿಗೆಮನೆಯ ಕಡೆಗೆ ಹೊರಳಿದ್ದು ಸಣ್ಣ ಮಾತಲ್ಲ.

ಈ ಹಾಡುಗಳ ಮಟ್ಟು ತ್ರಿಪದಿ. ಸಾಲುಗಳು 3, ಗಣಗಳು ನಾಲ್ಕು, ನಾಲ್ಕು, ಮೂರರಂತೆ ಒಟ್ಟು 11. ಹಾಡುವಾಗ ಎರಡನೆಯ ಸಾಲನ್ನು ಮರಳಿ ಎತ್ತಿಕೊಳ್ಳುವದರಿಂದ ಕೇಳುವ ಕಿವಿಗೆ ನಾಲ್ಕು ಸಾಲಾಗುವವು; ಕಲ್ಲಿನ ಸುತ್ತಿಗೂ ಅದು ಚೆನ್ನಾಗಿ ಹೊಂದುವದು. ಇದನ್ನು ಅನಕ್ಷರಸ್ಥರ ಪದವೆಂದು ತಳ್ಳುವವರು ಬಾದಾಮಿಗೆ ಹೋಗಿ ಬರಲಿ. ಅಲ್ಲಿಯ ಸುಮಾರು 700ರ ಕಪ್ಪೆ ಅರಭಟ್ಟನ ಶಾಸನದಲ್ಲಿ ಇದೇ ತ್ರಿಪದಿಯು ಬಂಡೆಯ ಮೇಲಿರುವದು. ಸರ್ವಜ್ಞನೂ ಇದನ್ನೇ ನಂಬಿದನು.

1933ರಲ್ಲಿ ಮಧುರಚೆನ್ನರ ‘ನನ್ನ ನಲ್ಲ’ ಪ್ರಕಟವಾಯಿತು. ಅಲ್ಲಿ ಜೀವವೇ ನಲ್ಲೆ, ದೇವರೇ ನಲ್ಲ. ಇವರನ್ನು ಅನುಭಾವಿಗಳೆಂದು ಹೊಗಳುವವರು ಬಹಳ. ಶ್ರೀ ಅರವಿಂದರ ಭಕ್ತರೆಂಬುದೂ ನಿಜವೇ. ಅರವಿಂದರ ಹುಟ್ಟುಹಬ್ಬದ ದಿನವಾದ ಆಗಸ್ಟ್ 15ರಂದೇ, 1953ರಲ್ಲಿ, ಇವರು ತೀರಿಕೊಂಡರು. ಆದರೆ ಆ ಕಾವ್ಯದ ಹಂಬಲಕ್ಕೆ ನುಡಿ ಕೊಟ್ಟವಳು, ನಮ್ಮ ಎಣಿಕೆಯಲ್ಲಿ, ತವರಿನ ದಾರಿ ಕಾಯುತ್ತ ಬೀಸುತ್ತಿದ್ದ ಗರತಿಯೇ.

ದೂರದ ನೈಜೀರಿಯಾದ ಯೊರುಬಾ ಜನರಲ್ಲಿಯೂ ‘ಓರಿಕಿ’ ಎಂಬ ಹೊಗಳಿಕೆಯ ನುಡಿಗಳನ್ನು ಹೆಂಗಸರು ಬಾಯಿಂದ ಬಾಯಿಗೆ ಉಳಿಸಿ ತಂದಿರುವರು. 1986ರಲ್ಲಿ ನೊಬೆಲ್ ಪಾರಿತೋಷಕ ಪಡೆದ ವೋಲೆ ಸೋಯಿಂಕಾ ಆ ಪರಂಪರೆಯಲ್ಲಿ ಬೆಳೆದ ಸಾಹಿತಿಗಳು.

ಹಲಸಂಗಿಯ ಗೆಳೆಯರ ಹೆಸರು ನಮಗೆ ತಿಳಿದಿದೆ. ಮೊದಲು ಆ ಹಾಡುಗಳನ್ನು ಕಟ್ಟಿದವರ ಹೆಸರು ತಿಳಿಯದು. ಗಿರಣಿ ಬಂದ ಮೇಲೆ ಬೀಸುಕಲ್ಲು ಮೂಲೆ ಸೇರಿತು. ಹಾಡು ಬಲ್ಲ ಅಜ್ಜಿಯರು ಈಗ ಊರಿಗೆ ಕೆಲವರು ಮಾತ್ರ. ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರು ಅವರ ಬಳಿ ಒಂದು ಸಂಜೆ ಕುಳಿತು, ಹಾಡಿದವರ ಹೆಸರು, ತವರೂರು ಸಹಿತವಾಗಿ ಬರೆದುಕೊಳ್ಳಬೇಕೆಂದು ಬಿನ್ನಹ.