ಇಂಗ್ಲಿಷಿನ ಸಂಬಂಧವಾಕ್ಯವೂ ಕನ್ನಡದ ಕೃದಂತವೂ

ಇಂಗ್ಲಿಷು ಕಬ್ಬಿಣದ ಕಡಲೆಯೆಂಬ ಮಾತು ಹುಬ್ಬಳ್ಳಿ-ಧಾರವಾಡದ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ತಲೆಮಾರುಗಳಿಂದ ಕೇಳಿಬರುತ್ತಿದೆ. ಹಳ್ಳಿಯಿಂದ ಬಂದು ಉಚಿತ ವಸತಿಯಲ್ಲಿದ್ದು ಓದುವ ಬಾಲಕನು ಗಣಿತದಲ್ಲಿ ಮುಂದಿದ್ದರೂ ಇಂಗ್ಲಿಷಿನ ಉದ್ದ ವಾಕ್ಯವೊಂದರ ಮುಂದೆ ತಬ್ಬಿಬ್ಬಾಗುತ್ತಾನೆ. ಅದನ್ನು ಕಂಡು, ಕನ್ನಡದಲ್ಲಿ ಓದಿದುದೇ ಇವನ ದೋಷವೆಂದು ನಿರ್ಣಯಿಸುವವರೂ ಉಂಟು. ಈ ನಿರ್ಣಯವು ಸಾಧುವಲ್ಲ. ಕನ್ನಡ ವ್ಯಾಕರಣವನ್ನು ಚೆನ್ನಾಗಿ ಬಲ್ಲ ವಿದ್ಯಾರ್ಥಿಗೆ ಇಂಗ್ಲಿಷಿನ ಅತ್ಯಂತ ತೊಡಕಿನ ವಾಕ್ಯವೂ ಬಿಡಿಸಿದ ಗಂಟಾಗುತ್ತದೆ. ಇದಕ್ಕೆ ನಿದರ್ಶನವಾಗಿ ಸಂಬಂಧ, ಪರಿಮಾಣ, ಶಕ್ಯತೆ ಎಂಬ ಮೂರು ಅಂಶಗಳು ಒಂದೆಡೆ ಕೂಡುವ ವಾಕ್ಯಪ್ರಕಾರವನ್ನು ಪರಿಶೀಲಿಸಬಹುದು.

'ಐವತ್ತು ವಿದ್ಯಾರ್ಥಿಗಳಿದ್ದಾರೆ, ಅವರಲ್ಲಿ ಬಹುಮಂದಿ ಇಂಗ್ಲಿಷನ್ನು ಓದಬಲ್ಲರು' ಎಂಬುದು ಕನ್ನಡದ ಸಹಜ ರೀತಿ. ಇಂಗ್ಲಿಷು ಇದನ್ನೇ ಒಂದು ವಾಕ್ಯವಾಗಿ ಹೆಣೆದು, 'ದೇರ್ ಆರ್ ಫಿಫ್ಟಿ ಸ್ಟೂಡೆಂಟ್ಸ್, ಮೋಸ್ಟ್ ಆಫ್ ಹೂಮ್ ಕ್ಯಾನ್ ರೀಡ್ ಇಂಗ್ಲಿಷ್' ಎನ್ನುತ್ತದೆ. ಇಲ್ಲಿ 'ಮೋಸ್ಟ್' ಎಂಬುದು ಪರಿಮಾಣವಾಚಕ. 'ಹೂಮ್' ಎಂಬುದು ಸಂಬಂಧಸೂಚಕ ಸರ್ವನಾಮ. 'ಕ್ಯಾನ್' ಎಂಬುದು ಶಕ್ಯತೆಯನ್ನು ಹೇಳುವ ಸಹಾಯಕ ಕ್ರಿಯಾಪದ. ಇವುಗಳನ್ನು ಕ್ರಮವಾಗಿ ನೋಡೋಣ.

ಕೃದಂತದ ಶಕ್ತಿ

ಇಂಗ್ಲಿಷಿನ 'ಹೂ', 'ವಿಚ್' ಮೊದಲಾದ ಶಬ್ದಗಳು ನಾಮಪದದ ಅನಂತರ ಬಂದು, ತಮ್ಮ ಹಿಂದೆ ಒಂದು ಉಪವಾಕ್ಯವನ್ನೇ ಎಳೆದು ತರುತ್ತವೆ. ಸಂಸ್ಕೃತದಲ್ಲಿ ಯತ್-ತತ್ ಎಂಬ ಜೋಡಿಯಿಂದ ಈ ಕಾರ್ಯವು ನಡೆಯುತ್ತದೆ. ಕನ್ನಡದಲ್ಲಿಯೂ 'ಯಾರು ಓದುತ್ತಾರೋ ಅವರು' ಎಂಬ ರೀತಿ ಉಂಟಾದರೂ, ಹೆಚ್ಚು ಬಳಕೆಯಲ್ಲಿರುವುದು ಕೃದಂತವೇ. 'ಓದುವ ಹುಡುಗ', 'ಓದಿದ ಹುಡುಗ', 'ಓದದ ಹುಡುಗ' ಎಂಬಲ್ಲಿ ಇಡೀ ಉಪವಾಕ್ಯವು ಒಂದೇ ಪದವಾಗಿ ಕುಗ್ಗಿ, ವಿಶೇಷಣದಂತೆ ನಾಮಪದದ ಮುಂದೆ ನಿಲ್ಲುತ್ತದೆ.

ಈ ಭೇದವನ್ನು ಎದುರು ದಿಕ್ಕಿನಿಂದ ಕಂಡವರು ಐರೋಪ್ಯ ವಿದ್ವಾಂಸರು. 1817ರಲ್ಲಿ ವಿಲಿಯಂ ಕೇರಿಯೂ 1820ರಲ್ಲಿ ಜಾನ್ ಮೆಕೆರೆಲ್ಲನೂ ಇಂಗ್ಲಿಷಿನಲ್ಲಿ ಕನ್ನಡ ವ್ಯಾಕರಣಗಳನ್ನು ಪ್ರಕಟಿಸಿದರು. 1853ರಲ್ಲಿ ಬಾಸೆಲ್ ಮಿಶನ್ನಿನ ಮೂಲಕ ಈ ನಾಡಿಗೆ ಬಂದು ಧಾರವಾಡದ ನೆಲದಲ್ಲಿಯೂ ಬಾಳಿದ ಫರ್ಡಿನಾಂಡ್ ಕಿಟ್ಟೆಲ್ಲರು 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು ಸಂಪಾದಿಸಿ, 1894ರಲ್ಲಿ ನಿಘಂಟನ್ನೂ 1903ರಲ್ಲಿ ವ್ಯಾಕರಣವನ್ನೂ ಹೊರತಂದರು. ಈ ಪರಂಪರೆಯಲ್ಲಿ ನಮ್ಮ ಕೃದಂತಕ್ಕೆ 'ರಿಲೇಟಿವ್ ಪಾರ್ಟಿಸಿಪಲ್', ಅರ್ಥಾತ್ ಸಂಬಂಧ ಕೃದಂತ, ಎಂಬ ಹೆಸರು ರೂಢವಾಯಿತು. ತಮ್ಮ ಸಂಬಂಧವಾಕ್ಯದ ಕೆಲಸವನ್ನು ಕನ್ನಡದಲ್ಲಿ ಕೃದಂತವು ಮಾಡುತ್ತದೆಂಬ ತಿಳಿವು ಆ ಹೆಸರಿನಲ್ಲಿಯೇ ಅಡಗಿದೆ. ಅವರು ದಾಟಿದ ಸೇತುವೆಯನ್ನೇ ನಮ್ಮ ವಿದ್ಯಾರ್ಥಿಯು ಈ ದಡದಿಂದ ಆ ದಡಕ್ಕೆ ದಾಟಬೇಕಾಗಿದೆ.

ಶಕ್ಯತೆ, ವಿಧಿ, ನಿಷೇಧ

ಶಕ್ಯತೆ ಮತ್ತು ವಿಧಿಯ ಅರ್ಥಗಳನ್ನೂ ಕನ್ನಡದ ಕೃದಂತವು ತನ್ನೊಳಗೆ ಅಡಗಿಸಿಕೊಳ್ಳಬಲ್ಲದು. 'ಓದಬಲ್ಲ ಹುಡುಗ' ಎಂದರೆ 'ಹೂ ಕ್ಯಾನ್ ರೀಡ್'. 'ಓದಲಾರದ ಹುಡುಗ' ಎಂದರೆ 'ಹೂ ಕೆನಾಟ್ ರೀಡ್'. 'ಓದಬೇಕಾದ ಪುಸ್ತಕ'ದಲ್ಲಿ 'ಮಸ್ಟ್' ಇದೆ; 'ಓದಬಹುದಾದ ಪುಸ್ತಕ'ದಲ್ಲಿ 'ಮೇ' ಇದೆ; 'ಓದಬಾರದ ಪುಸ್ತಕ'ದಲ್ಲಿ 'ಮಸ್ಟ್ ನಾಟ್' ಇದೆ; 'ಓದಬೇಕಾಗಿಲ್ಲದ ಪುಸ್ತಕ'ದಲ್ಲಿ 'ನೀಡ್ ನಾಟ್' ಇದೆ. ಕೊನೆಯ ಎರಡನ್ನು ವಿದ್ಯಾರ್ಥಿಗಳು ಒಂದೆಂದು ಭಾವಿಸುವುದುಂಟು. ಮೊದಲನೆಯದು ನಿಷೇಧ, ಎರಡನೆಯದು ವಿನಾಯಿತಿ. ಕನ್ನಡದ ಎರಡು ರೂಪಗಳನ್ನು ಎದುರೆದುರು ಇಟ್ಟರೆ ಭ್ರಾಂತಿಯು ತಾನಾಗಿ ತೊಲಗುತ್ತದೆ.

ಈ ಭಾಗದ ಆಡುಮಾತಿನಲ್ಲಿ ಮತ್ತೊಂದು ಸ್ವಾರಸ್ಯವುಂಟು. ಇಲ್ಲಿ 'ಓದಬಲ್ಲನು' ಎನ್ನುವುದಕ್ಕಿಂತ 'ಅವನಿಗೆ ಓದಲಿಕ್ಕೆ ಬರುತ್ತದೆ' ಎನ್ನುವುದು ಹೆಚ್ಚು. ಇದನ್ನು ಕೃದಂತಕ್ಕೆ ತಿರುಗಿಸಿದರೆ 'ಓದಲಿಕ್ಕೆ ಬರುವ ಹುಡುಗರು' ಎಂದಾಗುತ್ತದೆ. ಇವರು ಓದಬಲ್ಲ ಹುಡುಗರೋ, ಓದುವುದಕ್ಕಾಗಿ ಶಾಲೆಗೆ ಬರುವ ಹುಡುಗರೋ? ಪೂರ್ಣವಾಕ್ಯದಲ್ಲಿ 'ಹುಡುಗನಿಗೆ ಬರುತ್ತದೆ', 'ಹುಡುಗನು ಬರುತ್ತಾನೆ' ಎಂದು ವಿಭಕ್ತಿಯೇ ಅರ್ಥವನ್ನು ಬೇರ್ಪಡಿಸುತ್ತಿತ್ತು. ಕೃದಂತವಾದೊಡನೆ ಆ ವಿಭಕ್ತಿಯು ಲೋಪವಾಗಿ ಸಂದೇಹವು ಹುಟ್ಟಿತು. ಇಂಗ್ಲಿಷಿಗೆ ತಿರುಗಿಸುವ ಮೊದಲು ಲುಪ್ತವಾದ ವಿಭಕ್ತಿಯನ್ನು ಮರಳಿ ತಂದು ವಾಕ್ಯವನ್ನು ಬಿಡಿಸಿಕೊಳ್ಳಬೇಕು. ಅನ್ವಯ ಮಾಡುವ ನಮ್ಮ ಹಳೆಯ ಪದ್ಧತಿಯು ಇದೇ ಅಲ್ಲವೇ?

ಪರಿಮಾಣದ ಪ್ರಶ್ನೆ

ಹೀಗೆ ಸಮರ್ಥವಾದ ಕೃದಂತಕ್ಕೂ ಒಂದು ಮೇರೆಯುಂಟು. 'ಬಹುಮಂದಿ ಓದಬಲ್ಲ ಪುಸ್ತಕ' ಎಂಬುದು ಸರಿಯಾದ ಕನ್ನಡ. ಓದುವವರು ಬೇರೆ, ಪುಸ್ತಕ ಬೇರೆ. ಆದರೆ 'ಬಹುಮಂದಿ ಓದಬಲ್ಲ ಐವತ್ತು ವಿದ್ಯಾರ್ಥಿಗಳು' ಎಂದರೆ ಕಿವಿಗೆ ಒಗ್ಗುವುದಿಲ್ಲ. ಒಂದು ಸಮೂಹವನ್ನು ಹೇಳಿ, ಅದರ ಅಂಶವೊಂದನ್ನು ಎಣಿಸಬೇಕಾದಾಗ ಕನ್ನಡವು ವಾಕ್ಯವನ್ನು ಎರಡಾಗಿ ಒಡೆದು 'ಅವರಲ್ಲಿ ಬಹುಮಂದಿ', 'ಅವರಲ್ಲಿ ಕೆಲವರು', 'ಅವರಲ್ಲಿ ಯಾರೂ' ಎನ್ನುತ್ತದೆ. ಇಂಗ್ಲಿಷು ಒಡೆಯದೆ 'ಮೋಸ್ಟ್ ಆಫ್ ಹೂಮ್', 'ಸಮ್ ಆಫ್ ಹೂಮ್', 'ನನ್ ಆಫ್ ಹೂಮ್' ಎಂದು ಕೂಡಿಸುತ್ತದೆ. ವಸ್ತುಗಳಾದರೆ 'ಹೂಮ್' ಇದ್ದಲ್ಲಿ 'ವಿಚ್' ಬರುತ್ತದೆ. 'ಆಫ್' ಎಂಬುದರ ಮುಂದೆ 'ಹೂ' ಎಂದಾಗಲಿ 'ದ್ಯಾಟ್' ಎಂದಾಗಲಿ ಬರೆಯುವುದು ಶಿಷ್ಟಪ್ರಯೋಗವಲ್ಲ.

ನಮ್ಮ ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. 'ಅವರಲ್ಲಿ ಬಹುಮಂದಿ' ಎಂಬುದನ್ನು ಪದಶಃ ತಿರುಗಿಸಿ, 'ಫಿಫ್ಟಿ ಸ್ಟೂಡೆಂಟ್ಸ್' ಎಂಬುದರ ಅನಂತರ ಅಲ್ಪವಿರಾಮವನ್ನಿಟ್ಟು, 'ಮೋಸ್ಟ್ ಆಫ್ ದೆಮ್ ಕ್ಯಾನ್ ರೀಡ್' ಎಂದು ಬರೆಯುತ್ತಾರೆ. 'ಕ್ಯಾನ್' ಎಂಬುದು ವಾಕ್ಯವನ್ನು ಪೂರ್ಣಗೊಳಿಸುವ ಕ್ರಿಯಾಪದವಾದುದರಿಂದ ಇಲ್ಲಿ ಎರಡು ಸ್ವತಂತ್ರ ವಾಕ್ಯಗಳಾದವು. ಅವೆರಡನ್ನು ಬರಿಯ ಅಲ್ಪವಿರಾಮವು ಬೆಸೆಯಲಾರದು. ಪೂರ್ಣವಿರಾಮವನ್ನೋ ಅರ್ಧವಿರಾಮವನ್ನೋ ಇಡಬೇಕು. ಇಲ್ಲವೆ 'ಆಂಡ್' ಎಂಬ ಅವ್ಯಯವನ್ನು ಸೇರಿಸಬೇಕು. ಇಲ್ಲವೆ 'ದೆಮ್' ತೆಗೆದು 'ಹೂಮ್' ಹಾಕಬೇಕು. ಕ್ರಿಯಾಪದವೇ ಇಲ್ಲದ 'ಮೋಸ್ಟ್ ಆಫ್ ದೆಮ್ ಫ್ರಮ್ ವಿಲೇಜಸ್' ಎಂಬಂತಹ ಪದಪುಂಜವು ಮಾತ್ರ ಅಲ್ಪವಿರಾಮದ ಅನಂತರ ನಿರ್ದುಷ್ಟವಾಗಿ ನಿಲ್ಲುತ್ತದೆ. ಆದುದರಿಂದ 'ಕ್ಯಾನ್', 'ಮೇ', 'ಮಸ್ಟ್' ಕಂಡೊಡನೆ ಬೆಸುಗೆ ಯಾವುದೆಂದು ಕೇಳಿಕೊಳ್ಳುವುದನ್ನು ಮಕ್ಕಳಿಗೆ ರೂಢಿಮಾಡಿಸಬೇಕು.

ನಿಷೇಧವು ಸೇರಿದಾಗ ಎಚ್ಚರವು ಇಮ್ಮಡಿಯಾಗಬೇಕು. 'ಆಲ್ ದಿ ಸ್ಟೂಡೆಂಟ್ಸ್ ಮೇ ನಾಟ್ ಗೋ' ಎಂದರೆ 'ಎಲ್ಲರೂ ಹೋಗಲಿಕ್ಕಿಲ್ಲ' ಎಂದೂ ಆಗಬಹುದು, 'ಯಾರೂ ಹೋಗಕೂಡದು' ಎಂದೂ ಆಗಬಹುದು. ಮೊದಲನೆಯದು ಊಹೆ, ಎರಡನೆಯದು ಆಜ್ಞೆ. ಊಹೆಯಾದರೆ 'ನಾಟ್ ಆಲ್' ಎಂದು ಆರಂಭಿಸುವುದೂ ಆಜ್ಞೆಯಾದರೆ 'ನನ್ ಆಫ್ ಹೂಮ್ ಮೇ ಗೋ' ಎನ್ನುವುದೂ ಲೇಸು.

ಒಂದು ಅಲ್ಪವಿರಾಮದ ಬೆಲೆ

ಇದು ಕೇವಲ ಪರೀಕ್ಷೆಯ ಅಂಕಗಳ ವಿಷಯವಲ್ಲ. ದಾನಿಯೊಬ್ಬರು ದತ್ತಿಪತ್ರವನ್ನು ಬರೆಸುತ್ತಾರೆಂದು ಭಾವಿಸೋಣ. ವಸತಿಯಲ್ಲಿರುವವರು ಇನ್ನೂರು ಮಂದಿ. ನೆರವಿಲ್ಲದೆ ಓದಲಾರದವರು ಅರವತ್ತು ಮಂದಿ. 'ದಿ ಸ್ಟೂಡೆಂಟ್ಸ್ ಹೂ ನೀಡ್ ಹೆಲ್ಪ್ ಮಸ್ಟ್ ಬಿ ಫೆಡ್ ಫ್ರೀ' ಎಂದು ಬರೆದರೆ ಅರವತ್ತು ಮಂದಿಗೆ ಉಚಿತ ಊಟ. 'ಹೂ ನೀಡ್ ಹೆಲ್ಪ್' ಎಂಬುದರ ಎರಡೂ ಬದಿಗೆ ಅಲ್ಪವಿರಾಮವನ್ನಿಟ್ಟರೆ ಎಲ್ಲರಿಗೂ ನೆರವು ಬೇಕೆಂದೂ ಎಲ್ಲರಿಗೂ ಊಟ ಸಲ್ಲತಕ್ಕದ್ದೆಂದೂ ಅರ್ಥವಾಗುತ್ತದೆ. 'ಆಲ್ ಆಫ್ ಹೂಮ್' ಎಂಬಂತಹ ಪ್ರಯೋಗವು ಸಾಮಾನ್ಯವಾಗಿ ಈ ಎರಡನೆಯ ವರ್ಗಕ್ಕೇ ಸೇರಿದ್ದು. ಅದು ಸಮೂಹವನ್ನು ಆರಿಸುವುದಿಲ್ಲ, ಮೊದಲೇ ಹೇಳಿದ ಸಮೂಹವನ್ನು ವರ್ಣಿಸುತ್ತದೆ.

'ನೆರವು ಬೇಕಾದ ವಿದ್ಯಾರ್ಥಿಗಳಿಗೆ' ಎಂಬ ಕನ್ನಡದ ಕೃದಂತದಲ್ಲಿ ಈ ಭೇದವು ಎದ್ದು ಕಾಣುವುದಿಲ್ಲ. ಆದರೆ ಕನ್ನಡವು ಇಲ್ಲಿ ನಿರುಪಾಯವಲ್ಲ. 'ವಿದ್ಯಾರ್ಥಿಗಳಲ್ಲಿ ಯಾರಿಗೆ ನೆರವು ಬೇಕೋ ಅವರಿಗೆ' ಎಂದರೆ ಅರವತ್ತು ಮಂದಿ. 'ವಿದ್ಯಾರ್ಥಿಗಳೆಲ್ಲರಿಗೂ ನೆರವು ಬೇಕಾಗಿರುವುದರಿಂದ ಅವರೆಲ್ಲರಿಗೆ' ಎಂದರೆ ಇನ್ನೂರು ಮಂದಿ. ಧಾರವಾಡದಲ್ಲಿ 2008ರಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠವೂ 2013ರಲ್ಲಿ ಖಾಯಂ ಪೀಠವೂ ಸ್ಥಾಪಿತವಾಗಿವೆ. ಬರೆಹದ ಒಂದೊಂದು ಚಿಹ್ನೆಯೂ ಎಷ್ಟು ತೂಕದ್ದೆಂಬುದನ್ನು ನ್ಯಾಯವಾದಿಗಳ ಈ ಊರಿಗೆ ವಿವರಿಸಬೇಕಾಗಿಲ್ಲ.

ಬೋಧಕರಿಗೆ ಮೂರು ಪ್ರಶ್ನೆಗಳು

ಇಂಗ್ಲಿಷಿನ ಇಂತಹ ವಾಕ್ಯವು ಎದುರಾದಾಗ ವಿದ್ಯಾರ್ಥಿಯಿಂದ ಮೂರು ಪ್ರಶ್ನೆಗಳನ್ನು ಕೇಳಿಸಬೇಕು. ಯಾರು? ಅವರಲ್ಲಿ ಎಷ್ಟು ಮಂದಿ? ಅವರು ಮಾಡಬಲ್ಲರೋ, ಮಾಡಬೇಕೋ, ಮಾಡಬಹುದೋ, ಮಾಡಬಾರದೋ? ಮೂರಕ್ಕೂ ಕನ್ನಡದಲ್ಲಿ ಉತ್ತರವನ್ನು ಬರೆದ ಮೇಲೆಯೇ ಇಂಗ್ಲಿಷಿನ ಹೆಣಿಗೆಗೆ ಕೈಹಾಕಬೇಕು. ಹೀಗೆ ಕಲಿತ ಬಾಲಕನಿಗೆ ತನ್ನ ತಾಯ್ನುಡಿಯು ಹೊರೆಯಾಗಿ ತೋರದು, ಕೈದೀವಿಗೆಯಾಗಿ ತೋರುವುದು. ಒಂದು ಭಾಷೆಯ ಮರ್ಮವನ್ನರಿಯದವನು ಎರಡನೆಯದರ ಬಾಗಿಲಲ್ಲಿಯೂ ನಿಂತೇ ಇರುತ್ತಾನೆ. ಅರಿತವನಿಗೆ ಆ ಬಾಗಿಲು ತೆರೆದೇ ಇರುತ್ತದೆ.