ಪೂರ್ವಜರ ಜಾಡು ಹಿಡಿದು

ನಿಮ್ಮ ಅಜ್ಜನ ಹೆಸರು ನಿಮಗೆ ಗೊತ್ತು. ಮುತ್ತಜ್ಜನ ಹೆಸರನ್ನು ಕೇಳಿದರೆ ಕೆಲವರಾದರೂ ಕ್ಷಣಕಾಲ ಯೋಚಿಸಬೇಕಾಗುತ್ತದೆ. ಆ ಮುತ್ತಜ್ಜನನ್ನು ಹೆತ್ತ ತಾಯಿಯ ಹೆಸರೇನು ಎಂದು ಕೇಳಿದರೆ ಇಡೀ ತರಗತಿಯೇ ಮೌನವಾದೀತು. ಅರಸರು ಶಾಸನಗಳನ್ನು ಕೆತ್ತಿಸಿದರು. ಅವರ ಹೆಸರುಗಳು ಕಲ್ಲಿನಲ್ಲಿ ಉಳಿದವು. ಹೊಲ ಉತ್ತವರು, ಬಟ್ಟೆ ನೇಯ್ದವರು, ಮಕ್ಕಳನ್ನು ಹೆತ್ತು ಸಾಕಿದವರು ಯಾವ ಶಾಸನವನ್ನೂ ಕೆತ್ತಿಸಲಿಲ್ಲ. ಹಾಗಾದರೆ ಅವರ ಹೆಸರುಗಳು ಎಲ್ಲಿ ಉಳಿದಿವೆ? ಅವನ್ನು ಹುಡುಕುವ ಬಗೆ ಹೇಗೆ?

ನಾನು ಬಾಲಕನಾಗಿದ್ದಾಗ ನಮ್ಮ ಊರಿಗೆ ಆಗಾಗ ಒಬ್ಬ ಹೆಳವ ಬರುತ್ತಿದ್ದನು. ಮನೆತನಗಳ ವಂಶಾವಳಿಯನ್ನು ಕಾಯ್ದಿಟ್ಟು ಹೇಳುವುದೇ ಹೆಳವರ ಕುಲಕಸುಬು. ಎತ್ತಿನ ಮೇಲೆ ಕುಳಿತು ಬಂದು, ನಮ್ಮ ಅಂಗಳದಲ್ಲಿ ಇಳಿದು, ಇಂಥವನ ಮಗ ಇಂಥವನು, ಅವನ ಮಗ ಇಂಥವನು ಎಂದು ಏಳೆಂಟು ತಲೆಗಳ ಹೆಸರನ್ನು ರಾಗವಾಗಿ ಹೇಳುತ್ತಿದ್ದನು. ಹೇಳಿ ಮುಗಿಸಿದ ಮೇಲೆ ಕಾಳುಕಡಿ, ಬಟ್ಟೆಬರೆ ಪಡೆದು ಮುಂದಿನ ಮನೆಗೆ ಹೋಗುತ್ತಿದ್ದನು. ಒಮ್ಮೆ ನಮ್ಮಜ್ಜಿ ಮರದಲ್ಲಿ ಜೋಳ ತಂದು ಸುರಿಯುತ್ತ, “ಈ ಮನ್ಯಾಗ ಬರೇ ಗಂಡಸರ ಹುಟ್ಯಾರೇನೋ ಯಪ್ಪಾ?” ಎಂದು ಕೇಳಿದಳು. ಹೆಳವ ನಕ್ಕು ಸುಮ್ಮನಾದನು. ಆ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ನಮ್ಮಲ್ಲಿ ನಾಲಗೆ ಮಾಡಿದ ಈ ಕೆಲಸವನ್ನು ಬೇರೆ ಕೆಲವು ನಾಡುಗಳಲ್ಲಿ ಕಾಗದವು ಮಾಡಿದೆ. ಅದಕ್ಕೆ ಇಂಗ್ಲೆಂಡು ಒಳ್ಳೆಯ ನಿದರ್ಶನ. ಅಲ್ಲಿ ಸಾಮಾನ್ಯ ಕೂಲಿಕಾರನ ಮೊಮ್ಮಗನೂ ತನ್ನ ಹಿರಿಯರನ್ನು ಹಲವು ತಲೆಮಾರುಗಳವರೆಗೆ ಅರಸಿಕೊಂಡು ಹೋಗಬಹುದು. ಇದಕ್ಕೆ ನೆರವಾಗುವ ದಾಖಲೆಗಳಲ್ಲಿ ಮುಖ್ಯವಾದುವು ಎರಡು: ಚರ್ಚಿನ ಪುಸ್ತಕಗಳು ಮತ್ತು ಜನಗಣತಿಯ ಪುಸ್ತಕಗಳು.

ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರುಕೇರಿಗಳಿಗೆ ಪ್ಯಾರಿಷ್ ಎಂದು ಹೆಸರು. 1538ರಲ್ಲಿ, ಎಂಟನೆಯ ಹೆನ್ರಿ ದೊರೆಯ ಮಂತ್ರಿಯಾಗಿದ್ದ ಟಾಮಸ್ ಕ್ರಾಮ್‌ವೆಲ್ ಒಂದು ಆಜ್ಞೆಯನ್ನು ಹೊರಡಿಸಿದನು. ಪ್ರತಿಯೊಂದು ಪ್ಯಾರಿಷ್ಷಿನ ಪಾದ್ರಿಯೂ ಒಂದು ಪುಸ್ತಕವನ್ನಿಟ್ಟು, ಅಲ್ಲಿ ನಡೆದ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ವಾರವಾರವೂ ಬರೆದಿಡಬೇಕು. ಪುಸ್ತಕವನ್ನು ಎರಡು ಬೀಗಗಳ ಪೆಟ್ಟಿಗೆಯಲ್ಲಿ ಕಾಪಾಡಬೇಕು ಎಂಬುದು ಆ ಆಜ್ಞೆ. ಕಾಗದ ಹಾಳಾಗುತ್ತಿದ್ದುದರಿಂದ 1598ರಲ್ಲಿ ಹಳೆಯ ಬರಹವನ್ನು ಚರ್ಮದ ಹಾಳೆಗಳ ಮೇಲೆ ನಕಲು ಮಾಡಬೇಕೆಂದೂ, ವರ್ಷಕ್ಕೊಮ್ಮೆ ಒಂದು ಪ್ರತಿಯನ್ನು ಬಿಷಪ್ಪರಿಗೆ ಕಳುಹಿಸಬೇಕೆಂದೂ ವಿಧಿಸಲಾಯಿತು. ಹೀಗೆ ಒಂದು ಕಡೆ ಹುಳು ತಿಂದ ಸಾಲು ಇನ್ನೊಂದು ಕಡೆ ಉಳಿಯುವ ಸಾಧ್ಯತೆ ಉಂಟಾಯಿತು.

ಆದರೆ ಬರೆದುದೆಲ್ಲವೂ ನಿಜವೆಂದು ನಂಬುವಂತಿಲ್ಲ. ಮಹಾಕವಿ ಷೇಕ್ಸ್‌ಪಿಯರನ ಸಂಗತಿಯನ್ನೇ ನೋಡಿರಿ. ಸ್ಟ್ರಾಟ್‌ಫರ್ಡ್ ಊರಿನ ಚರ್ಚಿನ ಪುಸ್ತಕದಲ್ಲಿ ಅವನಿಗೆ 1564ರ ಏಪ್ರಿಲ್ 26ರಂದು ದೀಕ್ಷಾಸ್ನಾನವಾಯಿತೆಂದು ಬರೆದಿದೆ. ಅವನು ಹುಟ್ಟಿದ ದಿನ ಅಲ್ಲಿಲ್ಲ. ಲೋಕವು ಏಪ್ರಿಲ್ 23ರಂದು ಆಚರಿಸುವ ಅವನ ಹುಟ್ಟುಹಬ್ಬ ಕೇವಲ ಊಹೆ. ಅವನ ಮದುವೆಯ ವಿಷಯ ಇನ್ನೂ ತೊಡಕಿನದು. 1582ರ ನವೆಂಬರ್ 27ರಂದು ವೂಸ್ಟರ್ ನಗರದ ಬಿಷಪ್ಪರ ಪುಸ್ತಕದಲ್ಲಿ ವಧುವಿನ ಹೆಸರು ಆನ್ ವೇಟ್ಲಿ ಎಂದಿದೆ. ಮರುದಿನದ ಮುಚ್ಚಳಿಕೆ ಪತ್ರದಲ್ಲಿ ಆನ್ ಹ್ಯಾಥವೇ ಎಂದಿದೆ. ಇದನ್ನು ಕಂಡು ಕೆಲವರು, ಕವಿಗೆ ಇನ್ನೊಬ್ಬ ಪ್ರೇಯಸಿ ಇದ್ದಳೆಂದು ಕಥೆಯನ್ನೇ ಹೆಣೆದರು. ಅದೇ ದಿನ ವೇಟ್ಲಿ ಎಂಬ ಪಾದ್ರಿಯೊಬ್ಬನ ವ್ಯಾಜ್ಯವೂ ಅದೇ ಪುಸ್ತಕದಲ್ಲಿ ದಾಖಲಾಗಿರುವುದರಿಂದ, ಬರೆಯುವವನ ಕೈ ತಪ್ಪಿರಬೇಕೆಂದು ಹಲವು ವಿದ್ವಾಂಸರು ವಿವರಿಸಿದ್ದಾರೆ. ಒಬ್ಬ ಗುಮಾಸ್ತನ ಅಜಾಗರೂಕತೆಯಿಂದ, ಎಂದೂ ಹುಟ್ಟದ ಹೆಣ್ಣೊಬ್ಬಳು ಚರಿತ್ರೆಯನ್ನು ಪ್ರವೇಶಿಸಿದಂತಾಯಿತು!

ಎರಡನೆಯದು, ನಮ್ಮ ಹಿರಿಯರು ಖಾನೇಷುಮಾರಿ ಎಂದು ಕರೆಯುತ್ತಿದ್ದ ಜನಗಣತಿ. ಬ್ರಿಟನ್ನಿನಲ್ಲಿ ಇದು 1801ರಲ್ಲಿ ಆರಂಭವಾಯಿತಾದರೂ, ಪ್ರತಿಯೊಬ್ಬರ ಹೆಸರನ್ನೂ ಬರೆದ ಮೊದಲ ಗಣತಿ 1841ರದು. 1851ರ ಗಣತಿಯಲ್ಲಿ ಯಜಮಾನನಿಗೂ ಮನೆಯ ಉಳಿದವರಿಗೂ ಇರುವ ಸಂಬಂಧವನ್ನೂ, ಹುಟ್ಟಿದ ಪ್ಯಾರಿಷ್ಷನ್ನೂ ಕೇಳಿದರು. ಈ ಪುಸ್ತಕಗಳನ್ನು 100 ವರ್ಷಗಳವರೆಗೆ ಗೋಪ್ಯವಾಗಿಟ್ಟು ಅನಂತರ ಸಾರ್ವಜನಿಕರಿಗೆ ತೆರೆಯುತ್ತಾರೆ. ಇಂಗ್ಲೆಂಡು ಮತ್ತು ವೇಲ್ಸಿನ 1921ರ ಗಣತಿ 2022ರಲ್ಲಿ ತೆರೆಯಿತು.

ಇನ್ನು ಹುಡುಕುವ ಕ್ರಮವನ್ನು ತಿಳಿಯಲು ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. 1881ರಲ್ಲಿ ಲಂಡನ್ನಿನಲ್ಲಿ ಟಾಮಸ್ ಎಂಬ ಬಡಗಿಯೊಬ್ಬನಿದ್ದನು. ಅಂದಿನ ಗಣತಿಯಲ್ಲಿ ಅವನ ವಯಸ್ಸು 52. ಹುಟ್ಟಿದ್ದು ದೂರದ ಒಂದು ಹಳ್ಳಿಯಲ್ಲಿ. ಎಂದರೆ ಅವನು 1828 ಅಥವಾ 1829ರಲ್ಲಿ ಹುಟ್ಟಿರಬೇಕು. ಸರ್ಕಾರದ ಜನನ ನೋಂದಣಿ ಅಲ್ಲಿ ಆರಂಭವಾದದ್ದು 1837ರ ಜುಲೈ 1ರಂದು. ಆದುದರಿಂದ ಅವನ ಜನನ ಪತ್ರ ಸಿಕ್ಕುವುದಿಲ್ಲ. ಆದರೆ ಅವನು ಮದುವೆಯಾದದ್ದು ಆಮೇಲೆ. ವಿವಾಹ ಪತ್ರದಲ್ಲಿ ವರನ ತಂದೆಯ ಹೆಸರು, ಕಸುಬು ಇರುತ್ತವೆ. ತಂದೆ ವಿಲಿಯಂ, ಅವನೂ ಬಡಗಿ ಎಂದು ತಿಳಿಯಿತು. ಈ ಸುಳಿವನ್ನು ಹಿಡಿದು ಹಳ್ಳಿಯ ಚರ್ಚಿನ ಪುಸ್ತಕವನ್ನು ತೆರೆದರೆ, ಅದೇ ವರ್ಷ ಅದೇ ಮನೆತನದ ಹೆಸರಿನ ಇಬ್ಬರು ಟಾಮಸರು ಕಾಣಸಿಗುತ್ತಾರೆ! ಒಬ್ಬನ ತಂದೆ ವಿಲಿಯಂ, ಕೂಲಿಕಾರ. ಇನ್ನೊಬ್ಬನ ತಂದೆಯೂ ವಿಲಿಯಂ, ಬಡಗಿ.

ಬಡಗಿಯ ಮಗನೇ ನಮ್ಮವನೆಂದು ಸಂತೋಷದಿಂದ ಪುಸ್ತಕವನ್ನು ಮುಚ್ಚಿಬಿಡಬಹುದು. ಅಲ್ಲಿಯೇ ಅಪಾಯವಿರುವುದು. ಜಾಣ ಶೋಧಕನು ಹಾಗೆ ಮಾಡದೆ ಶವಸಂಸ್ಕಾರದ ಪುಟಗಳನ್ನು ತಿರುವುತ್ತಾನೆ. ಬಡಗಿಯ ಮಗ ಎರಡು ವರ್ಷದ ಕೂಸಾಗಿದ್ದಾಗಲೇ ಮಣ್ಣಾಗಿದ್ದರೆ? ಸತ್ತ ಮಗುವಿನ ಹೆಸರನ್ನೇ ಅನಂತರದ ಮಗುವಿಗೆ ಇಡುವ ವಾಡಿಕೆ ಅಲ್ಲಿತ್ತು. ಕೂಲಿಕಾರನು ಮುಂದೆ ಬಡಗಿತನ ಕಲಿತಿರಲೂಬಹುದು. ಇದನ್ನೆಲ್ಲ ಪರಿಶೀಲಿಸದೆ ತಪ್ಪು ಟಾಮಸನನ್ನು ಆರಿಸಿಕೊಂಡರೆ, ಅವನ ತಂದೆ, ಅಜ್ಜ, ಮುತ್ತಜ್ಜ ಎಲ್ಲರೂ ಪರರ ಮನೆಯವರಾಗುತ್ತಾರೆ. ಅಷ್ಟೇ ಅಲ್ಲ, ನಿಜವಾದ ಹಿರಿಯರು ಎರಡನೆಯ ಸಲ ಮರೆವಿಗೆ ಬೀಳುತ್ತಾರೆ. ಆದುದರಿಂದ ತಿಳಿದುದರಿಂದ ತಿಳಿಯದುದರ ಕಡೆಗೆ ಒಂದೊಂದೇ ಹೆಜ್ಜೆ ಇಡಬೇಕು. ಒಂದು ಸಾಕ್ಷಿಯನ್ನು ಇನ್ನೊಂದರಿಂದ ಒರೆಹಚ್ಚಬೇಕು.

ಕೆಲವು ಹೆಂಗಸರಂತೂ ಅರ್ಧದಾರಿಯಲ್ಲೇ ಮರೆಯಾಗುತ್ತಾರೆ. ದೀಕ್ಷಾಸ್ನಾನದ ಸಾಲಿನಲ್ಲಿ ತಾಯಿಯ ಹೆಸರು ಮೇರಿ ಎಂದಷ್ಟೇ ಇರುತ್ತದೆ. ಅವಳ ತವರಿನ ಮನೆತನ ಯಾವುದೆಂದು ಮದುವೆಯ ಪುಸ್ತಕದಲ್ಲಿ ಹುಡುಕಬೇಕು. ಬೇಕೆಂದೇ ಮರೆಯಾಗಲು ಯತ್ನಿಸಿದವರೂ ಉಂಟು. 1911ರ ಏಪ್ರಿಲ್ 2ರ ರಾತ್ರಿ, ಮತದ ಹಕ್ಕಿಲ್ಲದ ನಮ್ಮನ್ನು ಎಣಿಸಬೇಡಿರಿ ಎಂದು ಅನೇಕ ಮಹಿಳೆಯರು ಗಣತಿಯನ್ನು ಬಹಿಷ್ಕರಿಸಿದರು. ಆ ರಾತ್ರಿ ಎಮಿಲಿ ಡೇವಿಸನ್ ಎಂಬಾಕೆ ಪಾರ್ಲಿಮೆಂಟ್ ಭವನದ ಒಂದು ಬೀರುವಿನಲ್ಲಿ ಅಡಗಿ ಕುಳಿತಳು. ವಿನೋದವೇನೆಂದರೆ, ಆಕೆಯ ಹೆಸರು ಅಲ್ಲಿಯೂ ದಾಖಲಾಯಿತು, ವಾಸದ ಮನೆಯಲ್ಲಿಯೂ ದಾಖಲಾಯಿತು!

ಬೆಂಕಿ ನುಂಗಿದ ಹೆಸರುಗಳಿಗೆ ಲೆಕ್ಕವೇ ಇಲ್ಲ. ಇಂಗ್ಲೆಂಡಿನ 1931ರ ಗಣತಿಯ ಪುಸ್ತಕಗಳು 1942ರಲ್ಲಿ ಸುಟ್ಟುಹೋದವು. ಐರ್ಲೆಂಡಿನಲ್ಲಿ 1922ರ ಅಂತರ್ಯುದ್ಧದಲ್ಲಿ ಡಬ್ಲಿನ್ ನಗರದ ದಾಖಲೆಗಳ ಭವನವೇ ಭಸ್ಮವಾಯಿತು. 1821ರಿಂದ 1851ರವರೆಗಿನ ಗಣತಿಗಳ ಬಹುಭಾಗ ನಾಶವಾಯಿತು. ಆದರೂ ಒಂದಿಷ್ಟು ಉಳಿಯಿತು. ಹೇಗೆಂದರೆ, 1908ರ ಕಾನೂನಿನಂತೆ 70 ವರ್ಷ ದಾಟಿದ ಬಡವರಿಗೆ ಪಿಂಚಣಿ ದೊರೆಯುವಂತಾಯಿತು. ಜನನ ಪತ್ರವಿಲ್ಲದ ಮುದುಕರು ತಮ್ಮ ವಯಸ್ಸನ್ನು ತೋರಿಸಲು, ತಾವು ಮಕ್ಕಳಾಗಿದ್ದಾಗ ನಡೆದ ಗಣತಿಯಲ್ಲಿ ತಮ್ಮ ಹೆಸರನ್ನು ಹುಡುಕಿಸಿದರು. ಹಾಗೆ ಹುಡುಕಿ ನಕಲು ಮಾಡಿದ ವಿವರಗಳು ಇಂದಿಗೂ ಉಳಿದಿವೆ. ಮೂಲಪುಸ್ತಕ ಬೂದಿಯಾದರೂ, ಬಡ ಮುದುಕಿಯೊಬ್ಬಳ ಪಿಂಚಣಿಯ ಅರ್ಜಿ ಅವಳ ತಾಯಿತಂದೆಯರ ಹೆಸರನ್ನು ಕಾಪಾಡಿತು.

ದಾಖಲೆಯಲ್ಲಿ ವಯಸ್ಸು ಸರಿಯಾಗಿರುವುದೂ ಅಪರೂಪ. 1841ರ ಗಣತಿಯಲ್ಲಿ 15 ವರ್ಷ ಮೀರಿದವರ ವಯಸ್ಸನ್ನು ಐದರ ಮಡಿಗೆ ಇಳಿಸಿ ಬರೆಯಲು ಸೂಚನೆಯಿತ್ತು. 44 ವರ್ಷದವನು 40 ಎಂದಾಗುತ್ತಿದ್ದನು. ಇದನ್ನು ಮೊದಲ ಸಲ ಓದಿದಾಗ ಆ ಗಣತಿದಾರರನ್ನು ಕಂಡು ನಗು ಬಂದಿತು. ಮರುಕ್ಷಣವೇ ನಾಚಿಕೆಯಾಯಿತು. ಏಕೆಂದರೆ ನಾನೂ ಅಂಥದೇ ಕೆಲಸವನ್ನು ಮಾಡಿದವನು.

ಸುಮಾರು 40 ವರ್ಷಗಳ ಹಿಂದೆ ನಾನು ಒಂದು ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದೆ. ಜೂನ್ ತಿಂಗಳಲ್ಲಿ ತಾಯಿಯೊಬ್ಬಳು ಮಗನನ್ನು ಸೇರಿಸಲು ಬಂದಳು. ಹುಟ್ಟಿದ ದಿನ ಯಾವುದು ಎಂದು ಕೇಳಿದೆ. “ಎಳ್ಳಮಾಸಿ ಆದ ಮ್ಯಾಲ್ರೀ ಮಾಸ್ತರ...” ಎಂದು ಆಕೆ ಬೆರಳು ಮಡಿಚಿ ದಿನ ಎಣಿಸತೊಡಗಿದಳು. ಹೊರಗೆ ಇನ್ನೂ ಹತ್ತು ಜನ ಕಾದಿದ್ದರು. ನಾನು ಅವಳ ಎಣಿಕೆ ಮುಗಿಯಲು ಬಿಡದೆ, ಎಲ್ಲ ಮಕ್ಕಳಿಗೂ ಬರೆಯುತ್ತಿದ್ದಂತೆ, ಜೂನ್ 1 ಎಂದು ಬರೆದು ಮುಗಿಸಿದೆ. ತಾಯಿಯ ಹೆಸರನ್ನು ಬರೆಯಲು ಆ ಪುಸ್ತಕದಲ್ಲಿ ಅಂಕಣವೇ ಇರಲಿಲ್ಲ, ನಾನೂ ಕೇಳಲಿಲ್ಲ.

ನಾನು ನಿವೃತ್ತನಾದ ಮೇಲೆ ಆ ಹುಡುಗ ಒಂದು ದಿನ ನನ್ನನ್ನು ಹುಡುಕಿಕೊಂಡು ಬಂದನು. ಈಗ ಅವನ ತಲೆಗೂದಲೂ ನರೆತಿತ್ತು. “ಅವ್ವ ತೀರಿಕೊಂಡ್ಲ್ರೀ ಸರ. ನಾ ಹುಟ್ಟಿದ ದಿನ ನಿಮ್ಮ ಮುಂದ ಹೇಳಿದ್ಲಂತ. ನೆನಪೈತೇನ್ರೀ?” ಎಂದು ಕೇಳಿದನು. ಎಳ್ಳ ಅಮಾವಾಸ್ಯೆ ನನಗೆ ನೆನಪಿತ್ತು. ಅದಾಗಿ ಎಷ್ಟನೆಯ ದಿನ? ಅದನ್ನು ಅವಳು ಹೇಳಲು ನಾನು ಬಿಟ್ಟಿರಲಿಲ್ಲ. ಬಿಟ್ಟಿದ್ದರೆ, ಪಂಚಾಂಗವನ್ನು ನೋಡಿ ಆ ದಿನವನ್ನು ಗುರುತಿಸುವುದು ಐದು ನಿಮಿಷದ ಕೆಲಸ. ಓದುಬರಹ ಬಾರದ ಆ ತಾಯಿ ನಿಜವನ್ನು ಬಲ್ಲವಳಾಗಿದ್ದಳು. ಓದು ಬಲ್ಲ ನಾನು ಸುಳ್ಳನ್ನು ಬರೆದಿಟ್ಟೆ. ನಾಳೆ ಅವನ ಮರಿಮಗನು ಆ ಪುಸ್ತಕವನ್ನು ತೆರೆದರೆ ನನ್ನ ಸುಳ್ಳನ್ನೇ ನಂಬುತ್ತಾನೆ.

ನಮ್ಮ ದೇಶದಲ್ಲಿಯೂ 1881ರಿಂದ 2011ರವರೆಗೆ ಹತ್ತು ವರ್ಷಕ್ಕೊಮ್ಮೆ ಕ್ರಮವಾಗಿ ಜನಗಣತಿ ನಡೆಯಿತು. ಆದರೆ 1948ರ ಜನಗಣತಿ ಕಾನೂನಿನಂತೆ ಒಬ್ಬೊಬ್ಬರ ವಿವರ ಗೋಪ್ಯವಾದುದು. ಇಂಗ್ಲೆಂಡಿನಂತೆ ಅದರಲ್ಲಿ ಅಜ್ಜನನ್ನು ಹುಡುಕಲಾಗದು. ನಮಗಿರುವುದು ಹೊಲದ ಪತ್ರಗಳು, ಶಾಲೆಯ ಪುಸ್ತಕಗಳು, ಹೆಳವರ ನೆನಪು, ಎಲ್ಲಕ್ಕಿಂತ ಮಿಗಿಲಾಗಿ ಮನೆಯ ಹಿರಿಯರ ಮಾತು. ಕಾಗದ ನೂರು ವರ್ಷ ಕಾಯಬಲ್ಲದು, ಅಜ್ಜಿ ಕಾಯಲಾರಳು.

ವಿದ್ಯಾರ್ಥಿಗಳೇ, ಇಂದು ಸಂಜೆ ಮನೆಗೆ ಹೋದ ಮೇಲೆ ಹಿರಿಯರ ಬಳಿ ಕುಳಿತುಕೊಳ್ಳಿರಿ. ಅವರ ತಾಯಿಯ ಹೆಸರನ್ನೂ, ಆ ತಾಯಿಯ ತಾಯಿಯ ಹೆಸರನ್ನೂ ಕೇಳಿ ಬರೆದುಕೊಳ್ಳಿರಿ. ಹೇಳಿದವರು ಯಾರು, ಹೇಳಿದ ದಿನ ಯಾವುದು ಎಂಬುದನ್ನೂ ಬರೆಯಿರಿ. ತಿಳಿಯದಿದ್ದರೆ ಜಾಗವನ್ನು ಖಾಲಿ ಬಿಡಿರಿ; ಊಹೆಯಿಂದ ತುಂಬಬೇಡಿರಿ. ಅವರು ಬೆರಳು ಮಡಿಚಿ ಎಣಿಸತೊಡಗಿದರೆ, ಎಣಿಕೆ ಮುಗಿಯುವವರೆಗೆ ಕಾಯಿರಿ.

ಪದಗಳ ಅರ್ಥ

ಒರೆಹಚ್ಚು – ಪರೀಕ್ಷಿಸು
ಎಳ್ಳಮಾಸಿ – ಎಳ್ಳ ಅಮಾವಾಸ್ಯೆ
ತಲೆ – ಇಲ್ಲಿ, ತಲೆಮಾರು
ದೀಕ್ಷಾಸ್ನಾನ – ಕ್ರೈಸ್ತ ಧರ್ಮಕ್ಕೆ ಸೇರಿಸಿಕೊಳ್ಳುವ ಸಂಸ್ಕಾರ
ಮುಚ್ಚಳಿಕೆ – ಬರೆದುಕೊಟ್ಟ ಕರಾರು

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಹೆಳವರ ಕುಲಕಸುಬು ಯಾವುದು?
2. 1538ರ ಆಜ್ಞೆಯನ್ನು ಹೊರಡಿಸಿದವರು ಯಾರು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ತಪ್ಪು ಟಾಮಸನನ್ನು ಆರಿಸಿಕೊಂಡರೆ ಆಗುವ ಅನರ್ಥವೇನು?
2. ಐರ್ಲೆಂಡಿನ ಕೆಲವು ಹೆಸರುಗಳು ಬೆಂಕಿಯಿಂದ ಹೇಗೆ ಉಳಿದವು?

ಇ) ಸಂದರ್ಭ ಸಹಿತ ವಿವರಿಸಿರಿ.
1. “ಈ ಮನ್ಯಾಗ ಬರೇ ಗಂಡಸರ ಹುಟ್ಯಾರೇನೋ ಯಪ್ಪಾ?”
2. “ಕಾಗದ ನೂರು ವರ್ಷ ಕಾಯಬಲ್ಲದು, ಅಜ್ಜಿ ಕಾಯಲಾರಳು.”