ಹಳೆಯ ಸೈಕಲ್ಲು

ಸಂಡೂರು ತಾಲ್ಲೂಕಿನ ಬಂಡ್ರಿಯಂತಹ ಗ್ರಾಮಗಳಲ್ಲಿ ಒಂದು ಕಾಲಕ್ಕೆ ಸೈಕಲ್ಲು ಮನೆಮಂದಿಯಲ್ಲಿ ಒಬ್ಬನಂತೆ ದುಡಿಯುತ್ತಿತ್ತು. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಕಾಳಿನ ಚೀಲ, ಶಾಲೆಗೆ ಹೊರಟ ಮಗು ಎಲ್ಲಕ್ಕೂ ಅದರ ಕ್ಯಾರಿಯರಿನ ಮೇಲೆ ಸ್ಥಳವಿತ್ತು. ಸೀಟು ನಿಲುಕದ ಬಾಲಕರು ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೊಟ್ಟು, ಒಳಪೆಡಲು ತುಳಿಯುತ್ತ ಸವಾರಿ ಕಲಿಯುತ್ತಿದ್ದರು. ಇಂದು ಮೋಟಾರು ಸೈಕಲ್ಲುಗಳೂ ಹಲವು ಗೇರುಗಳುಳ್ಳ ಹಗುರವಾದ ಸೈಕಲ್ಲುಗಳೂ ಬಂದಿವೆ. ಹಾಗಾದರೆ ಹಳೆಯ ಸೈಕಲ್ಲಿನ ಕಾಲ ಮುಗಿಯಿತೆ?

1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿಯು, ಹೆಚ್ಚುಕಡಿಮೆ ಸಮನಾದ ಎರಡು ಗಾಲಿಗಳೂ ಹಿಂಬದಿಯ ಗಾಲಿಯನ್ನು ತಿರುಗಿಸುವ ಸರಪಳಿಯೂ ಉಳ್ಳ ಸೈಕಲ್ಲನ್ನು ನಿರ್ಮಿಸಿದನು. 1888ರಲ್ಲಿ ಡನ್ಲಪ್ಪನು ಗಾಳಿ ತುಂಬಿದ ಟೈರನ್ನು ರೂಪಿಸಿದನು. ಅಂದಿನ ಮೂಲತತ್ತ್ವವೇ ಇಂದಿಗೂ ಉಳಿದಿದೆ. ಮುಂದಿನ ಹಲ್ಲುಚಕ್ರದಲ್ಲಿ 44, ಹಿಂದಿನದರಲ್ಲಿ 18 ಹಲ್ಲುಗಳಿದ್ದರೆ, ಪೆಡಲು ಒಂದು ಸುತ್ತು ತಿರುಗುವಷ್ಟರಲ್ಲಿ ಗಾಲಿಯು ಸುಮಾರು ಎರಡೂವರೆ ಸುತ್ತು ತಿರುಗುತ್ತದೆ. 28 ಅಂಗುಲದ ಗಾಲಿಯಾದರೆ ಸವಾರನು ಐದು ಮೀಟರಿಗೂ ಹೆಚ್ಚು ದೂರ ಮುಂದೆ ಸಾಗುತ್ತಾನೆ.

ಇಂತಹ ಸರಳ ಯಂತ್ರವನ್ನು ನಂಬಿ 1923ರಲ್ಲಿ ಮುಂಬಯಿಯ ಆರು ಮಂದಿ ಪಾರ್ಸಿ ತರುಣರು ವಿಶ್ವಪರ್ಯಟನೆಗೆ ಹೊರಟರು. ಅವರಲ್ಲಿ ಆದಿ ಹಕೀಂ, ಜಾಲ್ ಬಾಪಾಸೋಲಾ, ರುಸ್ತುಂ ಭುಂಗರಾ ಎಂಬ ಮೂವರು ಮರಳುಗಾಡುಗಳನ್ನೂ ಪರ್ವತಗಳನ್ನೂ ದಾಟಿ 1928ರಲ್ಲಿ ತಾಯ್ನಾಡಿಗೆ ಮರಳಿದರು.

ಹಳೆಯ ಸೈಕಲ್ಲಿಗೆ ದೋಷಗಳಿಲ್ಲವೆಂದಲ್ಲ. ಅದರ ತೂಕ ಸುಮಾರು 20 ಕಿಲೋಗ್ರಾಂ. ಗೇರಿಲ್ಲದ ಆ ಭಾರವನ್ನು ಸಂಡೂರಿನ ಬೆಟ್ಟದ ಏರಿನಲ್ಲಿ ತುಳಿಯುವವನು ಬೇಗನೆ ಬಳಲುತ್ತಾನೆ. ಮಳೆಯಲ್ಲಿ ಉಕ್ಕಿನ ರಿಮ್ಮು ನೆನೆದರೆ ಬ್ರೇಕಿನ ಹಿಡಿತ ಸಡಿಲುತ್ತದೆ. ಈ ವಿಷಯಗಳಲ್ಲಿ ಹೊಸ ಸೈಕಲ್ಲೇ ಮೇಲು. ಆದರೆ ಹಳೆಯದಕ್ಕೆ ಬೇರೊಂದು ಗುಣವಿದೆ. ಅದರ ಉಕ್ಕಿನ ಚೌಕಟ್ಟು ಮುರಿದರೆ ಊರಿನ ಬೆಸುಗೆಗಾರನೇ ಕೂಡಿಸಬಲ್ಲನು. ಟ್ಯೂಬು ತೂತಾದರೆ ಒಂದು ಬೋಗುಣಿ ನೀರು, ಒಂದು ರಬ್ಬರಿನ ತುಂಡು, ಸ್ವಲ್ಪ ಅಂಟು ಸಾಕು. ಬಡವನ ವಾಹನವು ಕೆಟ್ಟ ದಿನ ಅವನ ಕೂಲಿಯೂ ಕೆಡುತ್ತದೆ; ಆದುದರಿಂದ ಸುಲಭವಾಗಿ ದುರಸ್ತಿಯಾಗುವುದು ಅವನಿಗೆ ವೇಗಕ್ಕಿಂತ ದೊಡ್ಡ ಗುಣ.

ಹೊಸಪೇಟೆಯಿಂದ ಹಂಪಿಗೆ ಸುಮಾರು 13 ಕಿಲೋಮೀಟರು. ಅಲ್ಲಿ ಇಂದಿಗೂ ಎಷ್ಟೋ ಪ್ರವಾಸಿಗರು ಬಾಡಿಗೆ ಸೈಕಲ್ಲೇರಿ ಸ್ಮಾರಕಗಳನ್ನು ನೋಡುತ್ತಾರೆ. ಹೊಗೆಯಿಲ್ಲ, ಗದ್ದಲವಿಲ್ಲ, ಬೇಕೆಂದಲ್ಲಿ ನಿಲ್ಲಬಹುದು.

ವಸ್ತುವೊಂದು ಹಳೆಯದಾಯಿತೆಂದು ಅದರ ವಯಸ್ಸನ್ನು ನೋಡಿ ಹೇಳಲಾಗದು. ಅದು ಯಾರಿಗೆ, ಯಾವ ದಾರಿಯಲ್ಲಿ ಒದಗುತ್ತದೆ ಎಂಬುದನ್ನು ಅರಿತು ಹೇಳಬೇಕು. ಸೈಕಲ್ಲಿನ ಗೇರು, ಬ್ರೇಕು, ಚೌಕಟ್ಟು ಕಾಲಕಾಲಕ್ಕೆ ಬದಲಾಗಲಿ. ಸಾಮಾನ್ಯನು ತನ್ನ ಕಾಲಿನ ಬಲದಿಂದಲೇ ನಡೆಸಿ, ತನ್ನ ಊರಿನಲ್ಲೇ ಸರಿಪಡಿಸಿಕೊಳ್ಳಬಲ್ಲ ವಾಹನ ಎಂಬ ಅದರ ಹಿರಿಮೆ ಮಾತ್ರ ಅಳಿಯದಿರಲಿ.